ಕರ್ಸರ್ ಚೆಕ್ಕುಬಂದಿ ದಾಟದ ಹಾಗೆ ಟಚ್‌ಪ್ಯಾಡ್ ಹದಕ್ಕೆ ತರೋದು

ಹಾಸನದಲ್ಲಿ ಪತ್ರ ಬರೆಯೋ ಕೆಲಸ ನನ್ನದು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಲ್ಲಾ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲೇ ಟೈಪಿಂಗ್. ನಮ್ಮವರಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡವರ ದೂರು ಒಂದೇ: ಟೈಪ್ ಮಾಡ್ತಿದ್ದ ಹಾಗೇ ಕರ್ಸರ್ ಇನ್ನೆಲ್ಲಿಗೋ ಹಾರುತ್ತೆ. ಕಾಗದ ಬರೆಯೋರಿಗೆ ಇದು ಬರೀ ಕಿರಿಕಿರಿ. ನಮಗೆ, ಚೆಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ಬರೆಯೋ ಕಡೆ, ‘ಪೂರ್ವಕ್ಕೆ ಸರ್ಕಾರಿ ಹಳ್ಳ’ ಅನ್ನೋದು ಪಶ್ಚಿಮದ ಸಾಲಲ್ಲಿ ಹೋಗಿ ಕೂತು ಹಾಗೇ ನೋಂದಣಿ ಆಗಿಬಿಟ್ಟರೆ, ತಿದ್ದುಪಡಿ ಪತ್ರಕ್ಕೆ ಪಾರ್ಟಿಗಳನ್ನೆಲ್ಲ ಮತ್ತೆ ಕರೆಸಬೇಕು.

ಬಹಳ ಜನ ಮೊದಲು ಕೈ ಹಾಕೋದು ಕರ್ಸರ್ ಸ್ಪೀಡ್‌ಗೆ. ಅದನ್ನು ಮುಟ್ಟಬೇಡಿ. ಬೆರಳು ಸರಿಸಿದಾಗ ಬಾಣ ಎಷ್ಟು ದೂರ ಓಡಬೇಕು ಅನ್ನೋದಷ್ಟೇ ಅದರ ಲೆಕ್ಕ. ನಮ್ಮ ತೊಂದರೆ ಬೇರೆ: ಅಂಗೈ ಬುಡ ಪ್ಯಾಡ್‌ಗೆ ತಾಗಿದ್ದನ್ನು ಯಂತ್ರ ‘ಟ್ಯಾಪ್’ ಅಂದುಕೊಳ್ಳುತ್ತೆ. ಬಾಣ ಎಲ್ಲಿತ್ತೋ ಅಲ್ಲಿ ಕ್ಲಿಕ್ ಆಗಿ, ಕರ್ಸರ್ ಅಲ್ಲಿಗೆ ಹೋಗುತ್ತೆ. ನುಡಿಯಲ್ಲಿ ಇದು ಇನ್ನೂ ಹೆಚ್ಚು. ದೀರ್ಘಕ್ಕೂ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್. ಕಿರುಬೆರಳು ಅತ್ತ ಚಾಚಿದಾಗಲೆಲ್ಲ ಅಂಗೈ ಕೆಳಗೆ ವಾಲುತ್ತೆ.

ವಿಂಡೋಸ್ ಕೀ ಜೊತೆ ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತೆ. ವಿಂಡೋಸ್ 11 ಆದರೆ ‘ಬ್ಲೂಟೂತ್ ಅಂಡ್ ಡಿವೈಸಸ್’, 10 ಆದರೆ ಬರೀ ‘ಡಿವೈಸಸ್’, ಅದರೊಳಗೆ ‘ಟಚ್‌ಪ್ಯಾಡ್’. ಅಲ್ಲಿ ‘ಟ್ಯಾಪ್ಸ್’ ಬಿಡಿಸಿದರೆ ‘ಟಚ್‌ಪ್ಯಾಡ್ ಸೆನ್ಸಿಟಿವಿಟಿ’ ಅಂತ ನಾಲ್ಕು ಹಂತ ಇರುತ್ತೆ: ಮೋಸ್ಟ್, ಹೈ, ಮೀಡಿಯಂ, ಲೋ. ‘ಲೋ’ ಇಡಿ. ಟೈಪ್ ಮಾಡುವಾಗ ತಾಗೋ ಅಂಗೈಯನ್ನು ಆಗ ಅದು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ.

ಅರ್ಧ ಪುಟ ಟೈಪ್ ಮಾಡಿ ನೋಡಿ. ಇನ್ನೂ ಹಾರಿದರೆ, ಅದೇ ‘ಟ್ಯಾಪ್ಸ್’ ಒಳಗೆ ಒಂದು ಬೆರಳಿಂದ ತಟ್ಟಿ ಕ್ಲಿಕ್ ಮಾಡೋ ಟಿಕ್ ತೆಗೆಯಿರಿ. ಎರಡು ಸಲ ತಟ್ಟಿ ಎಳೆಯೋದಕ್ಕೂ ಒಂದು ಟಿಕ್ ಇದೆ, ಅದನ್ನೂ ತೆಗೆಯಿರಿ. ನನ್ನ ಮಟ್ಟಿಗೆ ಇದೇ ಅಸಲಿ ಕಳ್ಳ: ಗೊತ್ತಿಲ್ಲದ ಹಾಗೆ ಇಡೀ ಸಾಲು ಸೆಲೆಕ್ಟ್ ಆಗುತ್ತೆ, ಮುಂದಿನ ಅಕ್ಷರ ಒತ್ತಿದ ಕೂಡಲೇ ಸರ್ವೆ ನಂಬರ್ ಸಮೇತ ಮಾಯ. ಹಾಗಾದಾಗ ಗಾಬರಿಯಾಗದೆ ಕಂಟ್ರೋಲ್ ಝಡ್ ಒತ್ತಿ. ಇನ್ನು ಮೇಲೆ ಕ್ಲಿಕ್‌ಗೆ ಪ್ಯಾಡನ್ನೇ ಒತ್ತಬೇಕು. ಕೈ ಬೇಗ ಒಗ್ಗುತ್ತೆ.

ಮೌಸ್ ಇಟ್ಟುಕೊಂಡವರಿಗೆ ಸುಲಭ. ಮೌಸ್ ಸಿಕ್ಕಿಸಿದ್ದಾಗಲೂ ಟಚ್‌ಪ್ಯಾಡ್ ಆನ್ ಇರಲಿ ಅನ್ನೋ ಟಿಕ್ ತೆಗೆದರೆ ಮುಗೀತು. ಕೆಲವು ಕೀಬೋರ್ಡಲ್ಲಿ ಮೇಲಿನ ಸಾಲಿನ ಒಂದು ಕೀ ಮೇಲೆ ಟಚ್‌ಪ್ಯಾಡ್ ಚಿತ್ರ ಇರುತ್ತೆ, ಅದನ್ನು ಎಫ್‌ಎನ್ ಜೊತೆ ಒತ್ತಿದರೂ ಆಫ್ ಆಗುತ್ತೆ. ಉಬುಂಟು ಬಳಸೋರು, ಟೈಪ್ ಮಾಡುವಾಗ ಟಚ್‌ಪ್ಯಾಡ್ ಮಲಗಿಸೋ ಆಯ್ಕೆ ಆನ್ ಇದೆಯಾ ನೋಡಿಕೊಳ್ಳಿ.

ಸೆಟ್ಟಿಂಗ್ಸಿಗೆ ಬಗ್ಗದ ಕಾಟವೂ ಉಂಟು. ಟಚ್‌ಪ್ಯಾಡ್ ಬೆರಳನ್ನು ಗುರುತಿಸೋದು ಒತ್ತಡದಿಂದ ಅಲ್ಲ, ಮೈಯ ವಿದ್ಯುತ್ ಗುಣದಿಂದ. ಹಾಗಾಗಿ ನೀರಿನ ಹನಿಯೂ ಅದಕ್ಕೆ ಬೆರಳೇ. ಆಷಾಢದಲ್ಲಿ ಸಕಲೇಶಪುರದ ಕಡೆಯಿಂದ ನೆನೆದುಕೊಂಡು ಬಂದವರು ಒದ್ದೆ ಕೈಯಲ್ಲೇ ‘ಇಲ್ಲಿ ನೋಡಿ ಸ್ವಾಮಿ, ಇದು ತಪ್ಪು’ ಅಂತ ಬೆರಳಿಡ್ತಾರೆ. ಬಾಣ ಕುಣಿಯೋಕೆ ಶುರು. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ತೊಳೆದು ಒಣಗಿಸಿ ಕೂತ್ಕೊಳ್ಳಿ.

ಚಾರ್ಜರ್ ಹಾಕಿದಾಗ ಮಾತ್ರ ಬಾಣ ನಡುಗುತ್ತಾ? ವೈರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಆಗ ಸರಿಯಿದ್ದರೆ ಅನುಮಾನ ಚಾರ್ಜರ್ ಮೇಲೆ, ಇಲ್ಲವೇ ಅರ್ಥಿಂಗ್ ಮೇಲೆ. ಹಳೆ ಮನೆ, ಹಳೆ ಮಳಿಗೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ಥ್ ವೈರ್ ಎಳೆದಿರಲ್ಲ. ಲೋಹದ ಬಾಡಿ ಮುಟ್ಟಿದರೆ ಜುಮ್ ಅನ್ನೋದೂ ಬಹುಮಟ್ಟಿಗೆ ಇದರ ಗುರುತೇ. ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸೋ ಅಭ್ಯಾಸ ಬಿಡಿ.

ಪ್ಯಾಡ್ ಒಂದು ಮೂಲೆಯಲ್ಲಿ ಉಬ್ಬಿದ್ದರೆ, ಕ್ಲಿಕ್ ಬಿಗಿಯಾಗಿದ್ದರೆ, ಕೆಳಗಿನ ಬ್ಯಾಟರಿ ಊದಿರಬಹುದು. ಚಾರ್ಜ್ ಹಾಕೋದು ನಿಲ್ಲಿಸಿ ಸರ್ವಿಸ್‌ಗೆ ಒಯ್ಯಿರಿ. ಕೈಯೇ ತಾಗಿಸದೆ ಬಾಣ ಓಡ್ತಿದ್ದರೂ ಅಲ್ಲಿಗೇ, ವಾರಂಟಿ ಇರುವಾಗಲೇ. ಹೋಗೋ ಮುಂಚೆ ಅದು ಓಡೋದನ್ನು ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಸರ್ವಿಸ್ ಮೇಜಿನ ಮೇಲೆ ಇಟ್ಟರೆ ಅದೇ ಲ್ಯಾಪ್‌ಟಾಪ್ ತುಂಬಾ ಸಾಧುವಾಗಿರುತ್ತೆ.