ಜೇಸನ್ ದತ್ತಾಂಶವನ್ನು ಪೈಥಾನ್ ಆಬ್ಜೆಕ್ಟ್ ಆಗಿಸುವುದು ಹೇಗೆ?

ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಅಳೆದಾಗಲೆಲ್ಲ ಒಂದು ದಾಖಲೆ ಹುಟ್ಟುತ್ತದೆ. ಅಂಥದ್ದೊಂದು ಜೇಸನ್ (JSON, ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಒಂದು ಕ್ರಮ) ರೂಪದಲ್ಲಿ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ:

{"ಸದಸ್ಯ": "0047", "ದಿನಾಂಕ": "2024-06-03", "ಹೊತ್ತು": "ಬೆಳಿಗ್ಗೆ", "ಲೀಟರ್": 6.5, "ಫ್ಯಾಟ್": 4.1, "ದರ": 34.40}

ಇಂಥ ದಾಖಲೆಗಳಿಂದ ಬಟವಾಡೆಯ ಲೆಕ್ಕ ಹಾಕುವ ಪೈಥಾನ್ ಪ್ರೋಗ್ರಾಂ ಬರೆಯಬೇಕು. ಪೈಥಾನಿನ ಜೇಸನ್ ಮಾಡ್ಯೂಲ್ ಇದನ್ನು ಓದಿ ಒಂದು ಡಿಕ್ಷನರಿ, ಅಂದರೆ ಹೆಸರು (ಕೀ) ಮತ್ತು ಅದರ ಮೌಲ್ಯದ ಜೋಡಿಗಳ ಗುಂಪು, ಕೊಡುತ್ತದೆ. ಅನೇಕರು ಅಲ್ಲಿಗೇ ನಿಲ್ಲಿಸಿ, ಆ ಡಿಕ್ಷನರಿಯನ್ನೇ ಪ್ರೋಗ್ರಾಂ ತುಂಬ ಓಡಾಡಿಸುತ್ತಾರೆ. ಆಗ ‘ಲೀಟರ್’ ಎಂಬ ಕೀ ಇದೆಯೇ, ಇದ್ದರೂ ಅದು ಸಂಖ್ಯೆಯೋ ಪಠ್ಯವೋ ಎಂಬ ಅನುಮಾನವನ್ನು ಪ್ರತಿ ಫಂಕ್ಷನ್ನಿನಲ್ಲೂ ಬಗೆಹರಿಸಿಕೊಳ್ಳಬೇಕಾಗುತ್ತದೆ. ಡೈರಿಯಲ್ಲಿ ಹಾಲನ್ನು ಕ್ಯಾನಿಗೆ ಸುರಿಯುವ ಮೊದಲೇ ಪರೀಕ್ಷೆ ಮಾಡುತ್ತಾರೆ. ಸುರಿದ ಮೇಲೆ ಯಾರ ಹಾಲಿಗೆ ನೀರು ಬೆರೆತಿತ್ತು ಎಂದು ಪತ್ತೆ ಹಚ್ಚಲಾಗದು. ದತ್ತಾಂಶದ ಪರೀಕ್ಷೆಯೂ ಬಾಗಿಲಲ್ಲೇ ಮುಗಿಯಬೇಕು.

ಮೊದಲ ಹೆಜ್ಜೆ: ಕೋಡ್ ಮುಟ್ಟುವ ಮುನ್ನ ಪ್ರತಿ ಅಂಶದ ಪ್ರಕಾರವನ್ನು ನಿರ್ಧರಿಸಿ. ನನ್ನ ಲೆಕ್ಕದಲ್ಲಿ ಇಡೀ ಕೆಲಸದ ತಿರುಳು ಇದೇ. ಸದಸ್ಯ ಸಂಖ್ಯೆ ನೋಡಲು ಅಂಕಿಯಂತಿದ್ದರೂ ಪಠ್ಯವಾಗಿಯೇ ಉಳಿಯಲಿ. ಅದನ್ನು ಪೂರ್ಣಾಂಕ ಮಾಡಿದರೆ 0047 ಹೋಗಿ 47 ಆಗುತ್ತದೆ. ಅದರ ಮೇಲೆ ಕೂಡುವುದು ಕಳೆಯುವುದು ಹೇಗೂ ಇಲ್ಲ. ಜೇಸನ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಪ್ರಕಾರವೇ ಇಲ್ಲದ ಕಾರಣ ಅದು ಪಠ್ಯವಾಗಿ ಬರುತ್ತದೆ. ಅದನ್ನು ಡೇಟ್ ಆಬ್ಜೆಕ್ಟ್ ಮಾಡಬೇಕು. ಹೊತ್ತು ಎರಡೇ ಆಗಿರುವುದರಿಂದ ಅದಕ್ಕೊಂದು ಈನಮ್ (ಒಪ್ಪುವ ಮೌಲ್ಯಗಳನ್ನು ಮೊದಲೇ ಪಟ್ಟಿ ಮಾಡಿಟ್ಟ ಪ್ರಕಾರ) ಸಾಕು: ಬೆಳಿಗ್ಗೆ, ಸಂಜೆ. ‘ಮಧ್ಯಾಹ್ನ’ ಎಂದು ಬಂದರೆ ಪೈಥಾನ್ ತಾನಾಗಿಯೇ ವ್ಯಾಲ್ಯೂ ಎರರ್ ಎಬ್ಬಿಸುತ್ತದೆ.

ಲೀಟರ್, ಫ್ಯಾಟ್, ದರಕ್ಕೆ ಡೆಸಿಮಲ್ (ದಶಮಾಂಶವನ್ನು ಇದ್ದ ಹಾಗೆಯೇ ಹಿಡಿದಿಡುವ ಪ್ರಕಾರ) ಬಳಸಿ. ಪೈಥಾನಿನ ಮಾಮೂಲಿ ದಶಮಾಂಶ ಪ್ರಕಾರವಾದ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004. ರೈತರ ದುಡ್ಡಿನ ಲೆಕ್ಕದಲ್ಲಿ ಇಂಥ ಬಾಲಕ್ಕೆ ಜಾಗ ಕೊಡಬಾರದು. ಜೇಸನ್ ಓದುವಾಗಲೇ ಲೋಡ್ ಫಂಕ್ಷನ್ನಿಗೆ ‘ಪಾರ್ಸ್ ಫ್ಲೋಟ್’ ಎಂಬ ಆಯ್ಕೆಯಲ್ಲಿ ಡೆಸಿಮಲ್ ಅನ್ನು ಕೊಟ್ಟರೆ, 34.40 ಇದ್ದ ಹಾಗೆಯೇ ಒಳಗೆ ಬರುತ್ತದೆ.

ಎರಡನೆಯ ಹೆಜ್ಜೆ: ಡೇಟಾಕ್ಲಾಸ್, ಅಂದರೆ ದತ್ತಾಂಶ ಹಿಡಿದಿಡಲೆಂದೇ ಇರುವ ಆಬ್ಜೆಕ್ಟಿನ ಮಾದರಿ, ಬರೆಯಿರಿ. 2018ರಲ್ಲಿ ಬಂದ ಪೈಥಾನ್ 3.7ರಿಂದ ಇದು ಭಾಷೆಯ ಜೊತೆಗೇ ಸಿಗುತ್ತದೆ. ‘ಹಾಲಿನ ದಾಖಲೆ’ಗೆ ಒಂದು ಕ್ಲಾಸ್ ಮಾಡಿ, ಪ್ರತಿ ಅಂಶದ ಹೆಸರನ್ನೂ ಪ್ರಕಾರವನ್ನೂ ಒಂದೊಂದು ಸಾಲಿನಲ್ಲಿ ಬರೆದರೆ ಮುಗಿಯಿತು. ‘ಫ್ರೋಜನ್’ ಆಯ್ಕೆಯನ್ನೂ ಹಾಕಿ; ಒಮ್ಮೆ ತಯಾರಾದ ದಾಖಲೆಯನ್ನು ಮುಂದೆ ಯಾವ ಫಂಕ್ಷನ್ನೂ ಅಕಸ್ಮಾತ್ತಾಗಿ ತಿದ್ದದಿರಲಿ. (ಪೈಥಾನ್ 3ರಲ್ಲಿ ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಮಕ್ಕಳಿಗೆ ಕಲಿಸುವಾಗ ಇದು ತುಂಬ ನೆರವಾಗುತ್ತದೆ.)

ಇಲ್ಲೊಂದು ಎಚ್ಚರಿಕೆ. ಲೀಟರ್ ಮುಂದೆ ಡೆಸಿಮಲ್ ಎಂದು ಬರೆದ ಮಾತ್ರಕ್ಕೆ ಪೈಥಾನ್ ಅದನ್ನು ಪರೀಕ್ಷಿಸುವುದಿಲ್ಲ. ಉದ್ಧರಣ ಚಿಹ್ನೆಯೊಳಗಿನ "6.5" ಎಂಬ ಪಠ್ಯ ಬಂದರೂ ಡೇಟಾಕ್ಲಾಸ್ ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಮುಂದೆ ಎಲ್ಲೋ ಅದನ್ನು 2ರಿಂದ ಗುಣಿಸಿದಾಗ 13 ಬರುವುದಿಲ್ಲ, "6.56.5" ಬರುತ್ತದೆ. ದೋಷದ ಸುಳಿವೂ ಸಿಗುವುದಿಲ್ಲ.

ಆದ್ದರಿಂದ ಮೂರನೆಯ ಹೆಜ್ಜೆ: ಡಿಕ್ಷನರಿಯನ್ನು ಪಡೆದು ಆಬ್ಜೆಕ್ಟ್ ಕಟ್ಟಿಕೊಡುವ ಒಂದು ಕ್ಲಾಸ್ ಮೆಥಡ್ (ಕ್ಲಾಸಿಗೇ ಸೇರಿದ ಫಂಕ್ಷನ್). ಎರಡು ನಕ್ಷತ್ರ ಚಿಹ್ನೆ ಹಾಕಿ ಡಿಕ್ಷನರಿಯನ್ನು ಇಡಿಯಾಗಿ ಸುರಿಯುವ ಸುಲಭ ದಾರಿಯೂ ಉಂಟು. ಆದರೆ ನಾಳೆ ದಾಖಲೆಯಲ್ಲಿ ‘ಎಸ್‌ಎನ್‌ಎಫ್’ (ಹಾಲಿನ ಕೊಬ್ಬಲ್ಲದ ಘನಾಂಶ) ಎಂಬ ಹೊಸ ಕೀ ಸೇರಿದರೆ ಸಾಕು, ಟೈಪ್ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಬದಲಿಗೆ ಬೇಕಾದ ಕೀಗಳನ್ನು ಒಂದೊಂದಾಗಿ ಎತ್ತಿಕೊಂಡು ಪರಿವರ್ತಿಸಿ: ದಿನಾಂಕವನ್ನು ‘ಫ್ರಮ್ ಐಸೋಫಾರ್ಮ್ಯಾಟ್’ ಮೂಲಕ, ಹೊತ್ತನ್ನು ಈನಮ್ ಮೂಲಕ, ಲೀಟರ್, ಫ್ಯಾಟ್, ದರವನ್ನು ಡೆಸಿಮಲ್ ಮೂಲಕ.

ಕೀ ಇಲ್ಲದಿದ್ದರೆ? ಸದಸ್ಯ ಸಂಖ್ಯೆ, ಲೀಟರ್, ದರ ಇವು ಇಲ್ಲದಿದ್ದರೆ ದಾಖಲೆಯನ್ನು ತಿರಸ್ಕರಿಸಿ, ಅದು ಎಷ್ಟನೆಯ ದಾಖಲೆ ಎಂಬುದನ್ನು ದೋಷದ ಸಂದೇಶದಲ್ಲಿ ಹೇಳಿ. ಫ್ಯಾಟ್ ಯಂತ್ರ ಒಂದು ದಿನ ಕೆಟ್ಟಿರಬಹುದು. ಅಲ್ಲಿ ‘ನನ್’ (None, ಮೌಲ್ಯ ಇಲ್ಲ ಎಂಬ ಗುರುತು) ಇಡಿ. ಸೊನ್ನೆಯನ್ನು ಮಾತ್ರ ಇಡಬೇಡಿ. ಅಳೆಯದ ಫ್ಯಾಟ್ ಸೊನ್ನೆಯಾಗಿ ಕುಳಿತರೆ ಆ ರೈತರ ಸರಾಸರಿಯೇ ಕುಸಿಯುತ್ತದೆ, ಅದು ಅನ್ಯಾಯ.

ಅಂಶಗಳು ಹತ್ತಾರು ಇದ್ದು, ಒಂದರೊಳಗೊಂದು ಹೆಣೆದುಕೊಂಡಿದ್ದರೆ ಪೈಡ್ಯಾಂಟಿಕ್ ಎಂಬ ಲೈಬ್ರರಿ ಈ ಪರೀಕ್ಷೆ, ಪರಿವರ್ತನೆಗಳನ್ನು ತಾನೇ ಮಾಡುತ್ತದೆ. ಮೊದಲು ಒಮ್ಮೆ ಕೈಯಾರೆ ಬರೆದು ನೋಡಿದವರಿಗೆ ಅದು ಬೇಗ ಒಗ್ಗುತ್ತದೆ.

ಕೊನೆಯದು ಮರಳಿ ಜೇಸನ್ ಮಾಡುವುದು. ‘ಆ್ಯಸ್‌ಡಿಕ್ಟ್’ ಫಂಕ್ಷನ್ ಆಬ್ಜೆಕ್ಟನ್ನು ಡಿಕ್ಷನರಿಯಾಗಿಸುತ್ತದೆ. ಅದರೊಳಗಿನ ಡೇಟ್, ಡೆಸಿಮಲ್, ಈನಮ್ ಹಾಗೇ ಉಳಿದಿರುತ್ತವೆ. ಜೇಸನ್ ಮಾಡ್ಯೂಲ್ ಅವನ್ನು ಒಪ್ಪುವುದಿಲ್ಲವಾದ್ದರಿಂದ ಮೊದಲು ಪಠ್ಯ ಮಾಡಿಕೊಳ್ಳಿ. ಕನ್ನಡಕ್ಕೆ ಇನ್ನೂ ಎರಡು ಕೆಲಸಗಳಿವೆ. ಕಡತ ತೆರೆಯುವಾಗ ಎನ್ಕೋಡಿಂಗ್ ಯುಟಿಎಫ್-8 ಎಂದು ಹೇಳಿ. ಬರೆಯುವಾಗ ‘ಎನ್ಶೂರ್ ಆಸ್ಕಿ’ ಆಯ್ಕೆಯನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಒಂದೊಂದು ಅಕ್ಷರದ ಬದಲಿಗೂ ಅದರ ಯೂನಿಕೋಡ್ ಸಂಕೇತ ಅಚ್ಚಾಗಿ, ಕಡತ ಕಣ್ಣಿಗೆ ಓದಲಾಗದಂತಾಗುತ್ತದೆ.

ಹೀಗೆ ಬರೆದ ಕಡತವನ್ನು ಅದೇ ಕ್ಲಾಸ್ ಮೆಥಡ್‌ನಿಂದ ಮತ್ತೆ ಓದಿಸಿ, ಹಳೆಯ ಆಬ್ಜೆಕ್ಟ್ ಜೊತೆ ಜೋಡಿ ಸಮಚಿಹ್ನೆಯಿಂದ (==) ಹೋಲಿಸಿ. ಡೇಟಾಕ್ಲಾಸ್ ಪ್ರತಿ ಅಂಶವನ್ನೂ ತಾನೇ ಹೋಲಿಸಿ ಹೇಳುತ್ತದೆ. ಎರಡೂ ಒಂದೇ ಎಂದು ಬರುವವರೆಗೆ ಬಟವಾಡೆಯ ಫಂಕ್ಷನ್ ಶುರು ಮಾಡಬೇಡಿ.