ಪೆಟ್ಟಾಗಿ ಹಲ್ಲು ಕಿತ್ತುಬಂದರೆ, ಕೆನ್ನೆ ಊದಿದರೆ

ಸೈಕಲ್‌ನಿಂದ ಬಿದ್ದೋ, ಕಬಡ್ಡಿ ಆಡುವಾಗ ಪೆಟ್ಟು ತಿಂದೋ ಮಕ್ಕಳ ಶಾಶ್ವತ ಹಲ್ಲು ಬೇರುಸಮೇತ ಕಿತ್ತುಬಂದರೆ ದಯವಿಟ್ಟು ಎಸೆಯಬೇಡಿ. 30 ನಿಮಿಷದೊಳಗೆ ಅದೇ ಜಾಗದಲ್ಲಿ ಕೂರಿಸಿದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ಹಲ್ಲನ್ನು ಬಾಯಲ್ಲಿ ಕಾಣುವ ಬಿಳಿ ಭಾಗದಿಂದಲೇ ಹಿಡಿಯಬೇಕು. ಬೇರಿಗೆ ಅಂಟಿರುವ ತೆಳು ಪೊರೆಯ ಜೀವಕೋಶಗಳಿಂದಲೇ ಹಲ್ಲು ಮತ್ತೆ ಕಚ್ಚಿಕೊಳ್ಳುವುದರಿಂದ, ಮಣ್ಣು ಹತ್ತಿದೆಯೆಂದು ಉಜ್ಜುವುದಾಗಲಿ ಸೆರಗಿನಿಂದ ಒರೆಸುವುದಾಗಲಿ ಸಲ್ಲದು. ತಣ್ಣನೆಯ ಹಾಲಿನಲ್ಲೋ ನೀರಿನಲ್ಲೋ ಕೆಲವೇ ಕ್ಷಣ ಅದ್ದಿ ತೆಗೆದು, ಮೆಲ್ಲಗೆ ಕೂರಿಸಿ, ಶುಭ್ರ ಬಟ್ಟೆಯೊಂದನ್ನು ಕಚ್ಚಿ ಹಿಡಿಯಲು ಹೇಳಿ. ಧೈರ್ಯ ಸಾಲದಿದ್ದರೆ ಹಾಲಿನ ಲೋಟದಲ್ಲಿ ಮುಳುಗಿಸಿ ಕೊಂಡೊಯ್ಯಿರಿ, ನೀರಿನಲ್ಲಿ ನೆನೆಸಿಡಬೇಡಿ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು.

ಸಿಂಧನೂರು ಸುತ್ತಲಿನ ಕ್ಯಾಂಪುಗಳಿಂದ (ವಲಸೆ ಬಂದವರು ನೆಲೆಸಿದ ಹಳ್ಳಿಗಳಿಂದ) ರಾಯಚೂರಿನ ದಂತ ಕಾಲೇಜುಗಳಿಗಾಗಲಿ, ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗಾಗಲಿ ಹೋಗುವಷ್ಟರಲ್ಲಿ ಈ ಅವಧಿ ಮುಗಿದೇಹೋಗುವುದರಿಂದ, ಮೊದಲು ಸಮೀಪದ ದಂತವೈದ್ಯರನ್ನೇ ಕಾಣುವುದು ಜಾಣತನ.

ಹಲ್ಲುನೋವಿಗೆ ನಮ್ಮಲ್ಲಿ ತಂಬಾಕಿನ ಪುಡಿ ತುಂಬುವವರು ಇನ್ನೂ ಇದ್ದಾರೆ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿಡುವವರೂ ಇದ್ದಾರೆ. ಎರಡನೆಯದರಿಂದ ಒಸಡು ಸುಟ್ಟು ಹುಣ್ಣಾಗುತ್ತದೆ. ನೋವಿನ ಜೊತೆ ಜ್ವರ ಬಂದು ಕೆನ್ನೆ ಊದಿದರೆ ಬಿಸಿ ಶಾಖ ಕೊಡದೆ ಅಂದೇ ವೈದ್ಯರಲ್ಲಿಗೆ ಹೋಗಿ. ಊತ ದವಡೆಯ ಕೆಳಗೆ, ಕುತ್ತಿಗೆಗೆ ಇಳಿದು, ಬಾಯಿ ತೆರೆಯಲು, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ಪ್ರಾಣಾಪಾಯದ ಲಕ್ಷಣ. ದಂತ ಚಿಕಿತ್ಸಾಲಯ ತೆರೆಯುವವರೆಗೆ ಕಾಯದೆ, ರಾತ್ರಿಯಾದರೂ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಿ.