ಕ್ವಿಂಟಲಿಗೆ 502 ರೂಪಾಯಿ

2024ರ ನವೆಂಬರ್, ಮೆಕ್ಕೆಜೋಳದ ಸುಗ್ಗಿ. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಗ್ಗೆ ಹತ್ತೂಕಾಲಕ್ಕೆ ಮಂಡಿಯ ಸಾಹುಕಾರರ ಫೋನ್ ಬಂತು.

“ಏನಪ್ಪಾ, ಜಗಳೂರು ಕಡೆಯ ರೈತರು ಫೋನ್ ಮಾಡಿ ಬೈಯುತ್ತಿದ್ದಾರೆ. ಕ್ವಿಂಟಲಿಗೆ 502 ಎಂದು ಹಾಕಿದ್ದೀಯಂತೆ!”

ಬೆಂಬಲ ಬೆಲೆಯೇ 2,225 ಇದ್ದ ವರ್ಷ ಅದು. ಅವರ ಮಂಡಿಯ ದಿನದ ದರ ತೋರಿಸುವ ಜಾಲತಾಣ ನಾನು ಕಟ್ಟಿದ್ದು. 502 ದರವಲ್ಲ, ಪುಟ ತೆರೆಯಲಾಗದಾಗ ಸರ್ವರ್ ತೋರಿಸುವ ದೋಷದ ಸಂಖ್ಯೆ. ಬಿಳಿ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 502 ಎಂದು ಬಂದರೆ, ದರ ನೋಡಲು ಬಂದ ರೈತ ಅದನ್ನು ದರ ಎಂದೇ ಓದುತ್ತಾನೆ. ತಪ್ಪು ಅವನದಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಸರ್ವರ್ ರೀಸ್ಟಾರ್ಟ್. ಪುಟ ಬಂತು, ಆರು ನಿಮಿಷಕ್ಕೆ ಮತ್ತೆ ಮಲಗಿತು. ರೀಸ್ಟಾರ್ಟ್ ಮಾಡಿದರೆ ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಲ್ಲಿ ಸಿಕ್ಕಿಕೊಂಡಿತ್ತು ಎಂಬ ಸುಳಿವು ಅಳಿಸಿಹೋಗುತ್ತದೆ. ಗೊತ್ತಿದ್ದೂ ಮಾಡಿದೆ, ಫೋನು ಹೊಡೆದುಕೊಳ್ಳುತ್ತಲೇ ಇತ್ತಲ್ಲ.

ಆಮೇಲೆ ಕುಳಿತು ಎರರ್ ಲಾಗ್, ಅಂದರೆ ಸರ್ವರ್ ತನ್ನ ದೋಷಗಳನ್ನು ಬರೆದಿಡುವ ಫೈಲು, ತೆರೆದೆ. 502 ಎಂದರೆ ಮುಂದೆ ನಿಂತು ಕೋರಿಕೆ ಪಡೆಯುವ ಎಂಜಿನ್‌ಎಕ್ಸ್ ಎದ್ದೇ ಇದೆ, ಹಿಂದೆ ಕುಳಿತು ಪುಟ ತಯಾರಿಸುವ ಪಿಎಚ್‌ಪಿಯಿಂದ ಸರಿಯಾದ ಉತ್ತರ ಬಂದಿಲ್ಲ ಎಂದರ್ಥ. ಏಕೆ ಬಂದಿಲ್ಲ ಎಂಬುದು ಲಾಗ್ ಸಾಲಿನ ಕಂಸದಲ್ಲಿರುವ ಪುಟ್ಟ ಅಂಕಿಯಲ್ಲಿರುತ್ತದೆ. 2 ಇದ್ದರೆ ಇಬ್ಬರೂ ಮಾತಾಡಿಕೊಳ್ಳುವ ಸಾಕೆಟ್ ಫೈಲೇ ಇಲ್ಲ. ಸಾಮಾನ್ಯವಾಗಿ ಪಿಎಚ್‌ಪಿ ನಿಂತಿರುತ್ತದೆ, ಇಲ್ಲವೇ ಅಪ್‌ಡೇಟ್ ಆಗಿ ಫೈಲಿನ ಹೆಸರು ಬದಲಾಗಿರುತ್ತದೆ. 13 ಇದ್ದರೆ ಅನುಮತಿಯ ತಕರಾರು. 111 ಇದ್ದರೆ ಎಂಜಿನ್‌ಎಕ್ಸ್ ಕದ ತಟ್ಟಿದ ಕಡೆ ಕೇಳುವವರು ಯಾರೂ ಇಲ್ಲ. ನನಗೆ ಸಿಕ್ಕಿದ್ದು 11. ಪಿಎಚ್‌ಪಿ ಬದುಕಿದೆ, ಆದರೆ ಸರದಿ ತುಂಬಿ ಹೊಸಬರಿಗೆ ಜಾಗವಿಲ್ಲ.

ಪಿಎಚ್‌ಪಿ ಪ್ರೋಸೆಸ್‌ಗಳನ್ನು ನಡೆಸುವ ಪಿಎಚ್‌ಪಿ-ಎಫ್‌ಪಿಎಂನ ಲಾಗ್ ಇದನ್ನೇ ಹೇಳುತ್ತಿತ್ತು: ಐದೇ ಪ್ರೋಸೆಸ್‌ಗಳ ಮಿತಿ ಮುಟ್ಟಿದೆ, ಹೆಚ್ಚಿಸುವುದನ್ನು ಯೋಚಿಸಿ. ಯೋಚಿಸದೆಯೇ ಐವತ್ತು ಮಾಡಿದೆ. ಸರ್ವರಿನಲ್ಲಿದ್ದ ಮೆಮೊರಿ 2 ಜಿಬಿ. ಒಂದೊಂದು ಪ್ರೋಸೆಸ್ ಸುಮಾರು 60 ಎಂಬಿ ತಿನ್ನುತ್ತಿತ್ತು. ಐವತ್ತಕ್ಕೆ 3 ಜಿಬಿ ಬೇಕು. ಹತ್ತು ನಿಮಿಷದಲ್ಲಿ ಲಿನಕ್ಸ್ ಕರ್ನಲ್ ಮೆಮೊರಿ ಸಾಲದೆ ದರಗಳ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ಲನ್ನೇ ಕೊಂದುಹಾಕಿತು. ಈಗ ದರವೂ ಇಲ್ಲ, ಡೇಟಾಬೇಸೂ ಇಲ್ಲ. ಡೇಟಾಬೇಸ್ ಎಬ್ಬಿಸಿ, ಅದರ ಪಾಲು ಕಳೆದು ಉಳಿದ 1 ಜಿಬಿಯನ್ನು 60ರಿಂದ ಭಾಗಿಸಿ, ಕೊಂಚ ಕೈಹಿಡಿದು ಹನ್ನೆರಡಕ್ಕೆ ನಿಲ್ಲಿಸಿದೆ. ಈ ಲೆಕ್ಕ ಮೊದಲೇ ಮಾಡಬೇಕಿತ್ತು.

ಮಂಡಿಯ ಗುಮಾಸ್ತರ ಫೋನ್ ಬಂತು. “ಸರ್, ಈಗ 504. ಎರಡು ರೂಪಾಯಿ ಏರಿದೆ.”

ನಗು ಬಂದರೂ ಅದರಲ್ಲಿ ಸುದ್ದಿಯಿತ್ತು. 504 ಎಂದರೆ ಸರದಿಯಲ್ಲಿ ಜಾಗ ಸಿಕ್ಕಿದೆ, ಆದರೆ ಎಂಜಿನ್‌ಎಕ್ಸ್ ತನ್ನ ಮಾಮೂಲಿ 60 ಸೆಕೆಂಡ್ ಕಾದು ಕೈಬಿಟ್ಟಿದೆ. ಆಕ್ಸೆಸ್ ಲಾಗಿನಲ್ಲಿ 499 ಎಂಬ ಸಾಲುಗಳೂ ರಾಶಿ ಬಿದ್ದಿದ್ದವು. ಅದು ಎಂಜಿನ್‌ಎಕ್ಸ್ ತಾನೇ ಇಟ್ಟುಕೊಂಡಿರುವ ಸಂಖ್ಯೆ: ಉತ್ತರ ಬರುವ ಮೊದಲೇ ಗ್ರಾಹಕ ಹೊರಟುಹೋದ. ಹೊರಟವನು ಸುಮ್ಮನಿರುತ್ತಾನೆಯೇ, ರಿಫ್ರೆಶ್ ಒತ್ತಿ ಸರದಿಯ ಬಾಲದಲ್ಲಿ ಮತ್ತೆ ನಿಲ್ಲುತ್ತಾನೆ. ಅವನ ಹಳೆಯ ಕೋರಿಕೆಯನ್ನೂ ಪಿಎಚ್‌ಪಿ ಪಾಪ, ನಿಷ್ಠೆಯಿಂದ ಮುಗಿಸುತ್ತಿರುತ್ತದೆ.

ಹಾಗಾದರೆ ಒಂದು ಪುಟಕ್ಕೆ ಇಷ್ಟು ಹೊತ್ತೇಕೆ? ಪಿಎಚ್‌ಪಿಯ ಸ್ಲೋ ಲಾಗ್ ಚಾಲೂ ಮಾಡಿ, ಐದು ಸೆಕೆಂಡ್ ಮೀರಿದ್ದನ್ನೆಲ್ಲ ಬರೆ ಎಂದೆ. ಪ್ರತಿ ಬಾರಿಯೂ ಅದೇ ಫೈಲು, ಅದೇ ಸಾಲು: ಹಿಂದಿನ ವರ್ಷಗಳ ಸರಾಸರಿ ದರ ತೆಗೆಯಲು ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ. ಬರೆದವನು ನಾನೇ. ದಿನಾಂಕಕ್ಕೆ ಇಂಡೆಕ್ಸ್, ಅಂದರೆ ಬೇಗ ಹುಡುಕಿಕೊಡುವ ಸೂಚಿ, ಇತ್ತು. ಆದರೆ ದಿನಾಂಕವನ್ನು ವರ್ಷ ತೆಗೆಯುವ ಫಂಕ್ಷನ್ನಿನೊಳಗೆ ಹಾಕಿ ಹೋಲಿಸಿದ್ದೆ. ಹಾಗೆ ಸುತ್ತಿಟ್ಟರೆ ಆ ಇಂಡೆಕ್ಸ್ ಇದ್ದೂ ಇಲ್ಲದಂತೆ; ಮೈಎಸ್‌ಕ್ಯೂಎಲ್ ನಾಲ್ಕು ಲಕ್ಷ ಸಾಲುಗಳನ್ನೂ ತಡಕುತ್ತದೆ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಂದು ತಿದ್ದಿ ಬರೆದೆ. ಎಂಟು ಸೆಕೆಂಡಿನ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ದಿನಕ್ಕೊಮ್ಮೆ ಬದಲಾಗುವ ದರಕ್ಕೆ ಪ್ರತಿ ಸಲ ಡೇಟಾಬೇಸ್ ಕದ ತಟ್ಟುವುದೇಕೆಂದು ಸಿಕ್ಕ ಉತ್ತರವನ್ನು ಒಂದು ನಿಮಿಷ ಕೈಯಲ್ಲೇ ಇಟ್ಟುಕೊಳ್ಳುವ ಕ್ಯಾಶೆ ಕೂಡ ಇಟ್ಟೆ.

ಅದೇ ವಾರ 413 ಕೂಡ ಬಂತು: ಕಳಿಸಿದ ಫೈಲು ತೀರ ದೊಡ್ಡದು ಎಂದರ್ಥ. ತೂಕದ ಚೀಟಿಯ ಫೋಟೊ ಮೇಲೇರುತ್ತಿರಲಿಲ್ಲ. ಎಂಜಿನ್‌ಎಕ್ಸ್ ಸುಮ್ಮನೆ ಬಿಟ್ಟರೆ 1 ಎಂಬಿಗಿಂತ ಹೆಚ್ಚು ಒಳಗೆ ಬಿಡುವುದಿಲ್ಲ. ಅದನ್ನು ಹತ್ತು ಮಾಡಿ ಗೆದ್ದೆನೆಂದುಕೊಂಡರೆ ಪಿಎಚ್‌ಪಿಯ 2 ಎಂಬಿ ಮಿತಿ ಬಾಗಿಲ ಹಿಂದೆ ಕಾದಿತ್ತು. ಎರಡೂ ಕಡೆ ಬದಲಿಸಬೇಕು.

ಕೊನೆಗೆ ಸಾಹುಕಾರರ ಒತ್ತಾಯಕ್ಕೆ ದೋಷದ ಪುಟವನ್ನೇ ಬದಲಿಸಿದೆ. “ದರ ತೋರಿಸಲು ತಡವಾಗುತ್ತಿದೆ, ಮಂಡಿಗೆ ಫೋನ್ ಮಾಡಿ” ಎಂಬ ಕನ್ನಡದ ಸಾಲು, ಕೆಳಗೆ ಅವರ ನಂಬರು. ಒಳಗಡೆ ಸ್ಟೇಟಸ್ ಕೋಡ್ 502 ಆಗಿಯೇ ಉಳಿಸಿದ್ದೇನೆ. 200, ಅಂದರೆ ಎಲ್ಲ ಸರಿಯಿದೆ, ಎಂದು ಸುಳ್ಳು ಹೇಳಿಸಿದರೆ ಸೈಟ್ ಬಿದ್ದಾಗ ನನ್ನ ಮೊಬೈಲಿಗೆ ಬರುವ ಎಚ್ಚರಿಕೆ ನಿಂತುಬಿಡುತ್ತದೆ. ಪುಟವನ್ನು ಸಾಹುಕಾರರು ಕನ್ನಡಕ ಏರಿಸಿ ಎರಡೆರಡು ಬಾರಿ ಓದಿದರು. ಫೋನ್ ನಂಬರ್ ಬಿಟ್ಟರೆ ಬೇರೆ ಅಂಕಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒಪ್ಪಿದರು.